ನೀರುಗಂಟಿ ಹೋದ ಮೇಲೆ ಕೆರೆ ಯಾರದು? ಕಲ್ಪತರು ನಾಡಿನ ನೀರು, ನೆಲದ ಕತೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ. ಈ ಮೂರು ತಾಲ್ಲೂಕಿನಲ್ಲಿ ಯಾವ ರಸ್ತೆ ಹಿಡಿದು ಹೊರಟರೂ ಎರಡು ವಸ್ತು ಕಣ್ಣಿಗೆ ಬೀಳದೆ ಇರುವುದಿಲ್ಲ. ಒಂದು ತೆಂಗು, ಇನ್ನೊಂದು ಕೆರೆ ಏರಿ. ತೆಂಗಿನ ಬಗ್ಗೆ ನಾವು ದಿನಾ ಮಾತಾಡುತ್ತೇವೆ. ಕೊಬ್ಬರಿ ರೇಟು ಎಷ್ಟಾಯ್ತು, ನಫೆಡ್ ಖರೀದಿ ಯಾವಾಗ, ಬಿಳಿನೊಣಕ್ಕೆ ಏನು ಹೊಡೆಯೋದು ಎಂದು. ಕೆರೆಯ ಬಗ್ಗೆ ಮಾತಾಡುವುದು ಅದು ಕೋಡಿ ಬಿದ್ದಾಗ ಮಾತ್ರ. ಕೋಡಿ ಬಿದ್ದ ದಿನ ಫೋಟೋ, ವಿಡಿಯೋ, ಬಾಗಿನ. ಆಮೇಲೆ ಮತ್ತೆ ಮೌನ.

ಹವಾಮಾನ ಬದಲಾವಣೆ, ಸುಸ್ಥಿರ ಬದುಕು ಎಂಬ ಮಾತುಗಳು ಈಗ ಭಾಷಣಗಳಲ್ಲಿ ಕೇಳುತ್ತಿವೆ. ಕೇಳಿದರೆ ಎಲ್ಲೋ ದೂರದ ದೇಶದಲ್ಲಿ ಹುಟ್ಟಿದ ವಿಚಾರ ಅನಿಸುತ್ತದೆ. ಆದರೆ ನಮ್ಮ ಭಾಗದ ನೂರು ನೂರೈವತ್ತು ವರ್ಷದ ಕತೆ ಬಿಚ್ಚಿ ನೋಡಿದರೆ, ನೀರು ಮತ್ತು ನೆಲ ಉಳಿಸಿಕೊಳ್ಳಲು ಊರಿನವರೇ ಮಾಡಿದ ಪ್ರಯತ್ನಗಳ ಸಾಲೇ ಸಿಗುತ್ತದೆ. ಕೆಲವು ಗೆದ್ದವು, ಕೆಲವು ಸೋತವು. ಯಾವುದು ಯಾಕೆ ಗೆದ್ದಿತು, ಯಾಕೆ ಸೋತಿತು ಎಂದು ತಿಳಿದುಕೊಂಡರೆ ಮುಂದಿನ ಬರಗಾಲಕ್ಕೆ ಉಪಯೋಗಕ್ಕೆ ಬಂದೀತು. ಅದಕ್ಕಾಗಿ ಈ ಬರಹ.

ಕೆರೆ ಎಂದರೆ ಬರೀ ಗುಂಡಿಯಲ್ಲ

ನಮ್ಮದು ದೊಡ್ಡ ಹೊಳೆ ಇಲ್ಲದ ಸೀಮೆ. ವರ್ಷಕ್ಕೆ ಬೀಳುವ ಮಳೆ ಆರುನೂರರಿಂದ ಏಳುನೂರು ಮಿಲಿಮೀಟರ್ ಆಸುಪಾಸು. ಅದೂ ಒಂದೇ ಸಮನಾಗಿ ಬೀಳುವುದಿಲ್ಲ. ಬಂದರೆ ಹತ್ತು ದಿನ ಬಿಡದೆ, ಹೋದರೆ ಎರಡು ತಿಂಗಳು ಸುಳಿವಿಲ್ಲ. ಇಂಥ ಮಳೆಯನ್ನು ನಂಬಿ ಬದುಕಬೇಕಾದರೆ ಬಂದಾಗ ಹಿಡಿದಿಟ್ಟುಕೊಳ್ಳಬೇಕು. ಹಾಗಾಗಿ ಊರೂರಿಗೆ ಕೆರೆ, ಕಟ್ಟೆ.

1866ರ ಹೊತ್ತಿಗೆ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿದ್ದ ಸ್ಯಾಂಕಿ ಎಂಬ ಬ್ರಿಟಿಷ್ ಅಧಿಕಾರಿ ಇಲ್ಲಿನ ಕೆರೆಗಳನ್ನು ಕಂಡು ಬೆರಗಾಗಿದ್ದ. ಇಷ್ಟು ಕೆರೆ ಇರುವಾಗ ಹೊಸದೊಂದು ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟ ಎಂಬರ್ಥದ ಮಾತು ಬರೆದಿಟ್ಟು ಹೋದ. ಬೆಂಗಳೂರಿನ ಸ್ಯಾಂಕಿ ಕೆರೆಗೆ ಇರುವುದು ಇವನದೇ ಹೆಸರು. ಇವತ್ತಿಗೂ ಕರ್ನಾಟಕದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂಬುದು ಸರ್ಕಾರದ ಲೆಕ್ಕ.

ಈ ಕೆರೆಗಳು ಒಂದೊಂದೇ ಬಿಡಿಬಿಡಿಯಾಗಿ ನಿಂತವಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಒಂದು ಊರಿನ ಹಳ್ಳ ಮುಚ್ಚಿದರೆ ಮೂರನೇ ಊರಿನ ಕೆರೆ ಒಣಗುತ್ತದೆ. ಹಾಗಾಗಿ ಕೆರೆ ನೋಡಿಕೊಳ್ಳುವುದೆಂದರೆ ಏರಿ, ತೂಬು, ಕೋಡಿ, ಹಳ್ಳ, ಅಚ್ಚುಕಟ್ಟು ಎಲ್ಲವನ್ನೂ ನೋಡಿಕೊಳ್ಳುವುದು. ಬೇಸಿಗೆಯಲ್ಲಿ ಕೆರೆ ಅಂಗಳದ ಗೋಡು ಮಣ್ಣನ್ನು ಗಾಡಿಯಲ್ಲಿ ಹೊಲ, ತೋಟಕ್ಕೆ ಹೊಡೆಯುತ್ತಿದ್ದರು. ಇದರಿಂದ ಕೆರೆಯ ಹೂಳು ಹೋಗುತ್ತಿತ್ತು, ತೋಟಕ್ಕೆ ಗೊಬ್ಬರ ಸಿಗುತ್ತಿತ್ತು. ಎರಡು ಕೆಲಸ ಒಂದೇ ಗಾಡಿಯಲ್ಲಿ.

ಊರ ಪಕ್ಕದಲ್ಲೇ ಗುಂಡುತೋಪು. ಮಾವು, ಹುಣಸೆ, ಹೊಂಗೆ, ಬೇವು, ನೇರಳೆ. ಅದು ಯಾರೊಬ್ಬರ ಆಸ್ತಿಯೂ ಅಲ್ಲ. ನೆರಳು ಎಲ್ಲರಿಗೂ, ಹೊಂಗೆ ಸೊಪ್ಪು ಗದ್ದೆಗೆ. ತಿಪಟೂರಿನ ಕೊನೇಹಳ್ಳಿಯಂಥ ಕಡೆ ಅಮೃತಮಹಲ್ ದನಗಳ ಕಾವಲು ಇತ್ತು, ಈಗಲೂ ಅಲ್ಲಿ ಆ ತಳಿಯ ಕೇಂದ್ರ ಇದೆ. ಕೆರೆ, ತೋಪು, ಕಾವಲು, ತೋಟ ಒಂದಕ್ಕೊಂದು ಗಂಟು ಹಾಕಿಕೊಂಡಿದ್ದವು.

ನೀರುಗಂಟಿಯ ಬೆನ್ನ ಮೇಲೆ ನಿಂತ ವ್ಯವಸ್ಥೆ

ಇಲ್ಲಿಗೆ ನಿಲ್ಲಿಸಿದರೆ ‘ಆ ಕಾಲವೇ ಚೆನ್ನಾಗಿತ್ತು’ ಎಂದು ನಿಟ್ಟುಸಿರು ಬಿಟ್ಟು ಸುಮ್ಮನಾಗಬಹುದು. ಆದರೆ ಅದು ಅರ್ಧ ಸತ್ಯ.

ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡುವುದು, ಮಳೆಗಾಲದ ರಾತ್ರಿ ಏರಿ ಮೇಲೆ ಕಾವಲು ನಿಲ್ಲುವುದು ನೀರುಗಂಟಿಯ ಕೆಲಸ. ಬಹಳ ಊರುಗಳಲ್ಲಿ ನೀರುಗಂಟಿ ದಲಿತ ಕೇರಿಯವನು. ಅವನಿಗೆ ಸುಗ್ಗಿಯಲ್ಲಿ ಇಷ್ಟು ಧಾನ್ಯ ಎಂದು ಆಯ, ಕೆಲವು ಕಡೆ ಒಂದು ತುಂಡು ಇನಾಮಿನ ಜಮೀನು. ಎಲ್ಲರ ಗದ್ದೆಗೂ ನೀರು ಹಂಚುವ ಅವನಿಗೆ ಎಷ್ಟೋ ಊರುಗಳಲ್ಲಿ ಅಚ್ಚುಕಟ್ಟಿನಲ್ಲಿ ಸ್ವಂತ ಗದ್ದೆ ಇರಲಿಲ್ಲ. ಊರ ಬಾವಿಯಲ್ಲಿ ನೀರು ಸೇದುವ ಹಕ್ಕೂ ಇರಲಿಲ್ಲ. ಹೂಳು ಎತ್ತುವ ಕೆಲಸದಲ್ಲೂ ಬಿಟ್ಟಿ ಚಾಕರಿ ಯಾರ ಪಾಲಿಗೆ ಬರುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕೆರೆ ಕೆಡುತ್ತಿದೆ ಎಂಬ ಚಿಂತೆ ಆಗಲೇ ಸರ್ಕಾರಕ್ಕೂ ಇತ್ತು. 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯತಿಗೆಂದೇ ಒಂದು ಕಾಯಿದೆ ತಂದಿತು. ಅಚ್ಚುಕಟ್ಟಿನ ರೈತರೇ ಸೇರಿ ಕೆರೆ ನೋಡಿಕೊಳ್ಳಲಿ ಎಂಬುದು ಅದರ ಆಸೆ.

ಸ್ವಾತಂತ್ರ್ಯ ಬಂದ ಮೇಲೆ 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಬಂತು. ಪಟೇಲ, ಶಾನುಭೋಗ, ತೋಟಿ, ತಳವಾರ, ನೀರುಗಂಟಿ ಎಂದು ವಂಶದಿಂದ ವಂಶಕ್ಕೆ ಬರುತ್ತಿದ್ದ ಹುದ್ದೆಗಳು ಹೋದವು. ಇದು ಆಗಬೇಕಾದ್ದೇ. ಹುಟ್ಟಿದ ಕೇರಿಯ ಕಾರಣಕ್ಕೆ ಒಬ್ಬ ಮನುಷ್ಯ ರಾತ್ರಿಯೆಲ್ಲ ಏರಿ ಕಾಯಬೇಕು ಎಂಬ ಪದ್ಧತಿ ಯಾವ ಲೆಕ್ಕದಲ್ಲೂ ನ್ಯಾಯವಲ್ಲ.

ಆದರೆ ಅಲ್ಲೊಂದು ಕೆಲಸ ಬಾಕಿ ಉಳಿಯಿತು. ಹುದ್ದೆ ಹೋಯಿತು, ಹುದ್ದೆಯ ಕೆಲಸ ಮಾತ್ರ ಅಲ್ಲೇ ಇತ್ತು. ಅದನ್ನು ಸಂಬಳ ಕೊಟ್ಟು, ಮರ್ಯಾದೆ ಕೊಟ್ಟು ಯಾರಿಂದ ಮಾಡಿಸಬೇಕು ಎಂದು ಬಹಳ ಊರುಗಳು ತೀರ್ಮಾನಿಸಲೇ ಇಲ್ಲ. ಕೆರೆಗಳು ಕಾಗದದ ಮೇಲೆ ಇಲಾಖೆಗಳಿಗೆ ಹಂಚಿಹೋದವು. ದೊಡ್ಡವು ನೀರಾವರಿ ಇಲಾಖೆಗೆ, ಸಣ್ಣವು ಪಂಚಾಯತಿಗೆ. ಇಲಾಖೆ ಇರುವುದು ಪೇಟೆಯಲ್ಲಿ, ತೂಬು ಇರುವುದು ಊರಲ್ಲಿ. ಹೂಳು ತುಂಬಿತು, ಜಾಲಿ ಬೆಳೆಯಿತು, ಹಳ್ಳ ಒತ್ತುವರಿಯಾಯಿತು. ನಮ್ಮ ಕೆರೆಗಳ ಅವನತಿಯ ದೊಡ್ಡ ಕಾರಣಗಳಲ್ಲಿ ಇದೂ ಒಂದು ಎಂಬುದು ನಮ್ಮ ಎಣಿಕೆ.

ಕೊಳವೆಬಾವಿಯ ಲಾರಿ ಬಂತು

ಕೆರೆಯ ಕಡೆ ಲಕ್ಷ್ಯ ತಪ್ಪಲು ಇನ್ನೊಂದು ಕಾರಣ ತಮಿಳುನಾಡಿನ ತಿರುಚೆಂಗೋಡಿನ ಕಡೆಯಿಂದ ಬಂದ ಬೋರ್ ಲಾರಿಗಳು. 1970ರ ದಶಕದ ನಂತರ ಪಂಪ್‌ಸೆಟ್, ಆಮೇಲೆ ಬೋರ್‌ವೆಲ್. ನೀರಿಗಾಗಿ ಊರನ್ನು ಕೇಳಬೇಕಿಲ್ಲ, ಪಾಳಿ ಕಾಯಬೇಕಿಲ್ಲ. ಸ್ವಿಚ್ ಹಾಕಿದರೆ ನೀರು. ಅಷ್ಟು ಹೊತ್ತಿಗೆ 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟೆಯೂ ಮುಗಿಯಿತು. ನಾಲೆ ನೀರು ಬಂದೇ ಬರುತ್ತದೆ ಎಂಬ ಭರವಸೆಯೂ ಹುಟ್ಟಿತು. ರಾಗಿ, ಹುರುಳಿ, ಹೆಸರು, ಹುಚ್ಚೆಳ್ಳು ಬೆಳೆಯುತ್ತಿದ್ದ ಹೊಲಗಳು ತೆಂಗಿನ ತೋಟವಾದವು.

ನಮ್ಮ ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ಇರುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಆ ಬಿರುಕು ನಿಮ್ಮ ಬೇಲಿಯಲ್ಲಿ ನಿಲ್ಲುವುದಿಲ್ಲ, ಪಕ್ಕದವರ ಜಮೀನಿನಡಿಗೂ ಹೋಗಿರುತ್ತದೆ. ನೀವು ಮುನ್ನೂರು ಅಡಿ ಕೊರೆದರೆ ಅವರು ಐನೂರು, ಅವರು ಐನೂರಾದರೆ ಮೂರನೆಯವರು ಎಂಟುನೂರು. ಕೆರೆ ಕಣ್ಣಿಗೆ ಕಾಣುತ್ತಿತ್ತು, ಖಾಲಿಯಾದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ನೆಲದೊಳಗಿನ ಕೆರೆ ಖಾಲಿಯಾಗುವುದು ಮಾತ್ರ ಮೋಟಾರು ಗಾಳಿ ಎಳೆದ ದಿನವೇ ಗೊತ್ತಾಗುವುದು. ಊರಿನ ಎಲ್ಲರದಾಗಿದ್ದ ನೀರು ಸಾಲ ತಂದು ಆಳಕ್ಕೆ ಕೊರೆಸಬಲ್ಲವರ ನೀರಾಯಿತು.

1983: ನೀಲಗಿರಿ ಸಸಿ ಕಿತ್ತ ರೈತರು

ಇದೇ ಹೊತ್ತಿಗೆ ಇನ್ನೊಂದು ಮರ ಹಳ್ಳಿಗಳಿಗೆ ಬಂತು. ಸಾಮಾಜಿಕ ಅರಣ್ಯ ಎಂಬ ಯೋಜನೆ, ವಿಶ್ವಬ್ಯಾಂಕಿನ ಸಾಲ. ಹಳ್ಳಿಗೆ ಸೌದೆ, ಮೇವು ಸಿಗಬೇಕೆಂದು ಹೇಳಿ ನೆಟ್ಟದ್ದು ಹೆಚ್ಚಾಗಿ ನೀಲಗಿರಿ. ಅದರ ಸೊಪ್ಪನ್ನು ದನ, ಕುರಿ ಮೂಸುವುದಿಲ್ಲ. ಮರ ಹೋಗುತ್ತಿದ್ದದ್ದು ಕಾಗದ, ರೇಯಾನ್ ಕಾರ್ಖಾನೆಗಳಿಗೆ. ರಾಗಿ ಹೊಲಗಳು, ಊರ ಗೋಮಾಳಗಳು ನೀಲಗಿರಿ ತೋಪಾಗತೊಡಗಿದವು.

1983ರ ಆಗಸ್ಟ್ 10ರಂದು ನಮ್ಮ ತುಮಕೂರು ಜಿಲ್ಲೆಯಲ್ಲೇ ಎರಡು ಹಳ್ಳಿಗಳ ಸಣ್ಣ ರೈತರು ಗುಂಪಾಗಿ ಅರಣ್ಯ ಇಲಾಖೆಯ ನರ್ಸರಿಗೆ ನಡೆದರು. ನೀಲಗಿರಿ ಸಸಿಗಳನ್ನು ಕಿತ್ತು ಹಾಕಿದರು. ಆ ಜಾಗದಲ್ಲಿ ಹುಣಸೆ ಬೀಜ, ಮಾವಿನ ಓಟೆ ಊರಿದರು. 1980ರಲ್ಲಿ ಹುಟ್ಟಿದ್ದ ರಾಜ್ಯ ರೈತ ಸಂಘ ಆಗ ಏರು ಹೊತ್ತಿನಲ್ಲಿತ್ತು, ನೀಲಗಿರಿ ವಿರೋಧ ಅದರ ದನಿಗಳಲ್ಲಿ ಒಂದಾಯಿತು. ಈ ಘಟನೆ ಪರಿಸರದ ಇತಿಹಾಸ ಬರೆಯುವವರ ಇಂಗ್ಲಿಷ್ ಪುಸ್ತಕಗಳಲ್ಲಿ ಇದೆ. ನಮ್ಮ ಜಿಲ್ಲೆಯ ಶಾಲೆ ಮಕ್ಕಳಿಗೆ ಚಿಪ್ಕೊ ಗೊತ್ತು, ಅಪ್ಪಿಕೊ ಗೊತ್ತು, ಇದು ಗೊತ್ತಿಲ್ಲ.

ಅವರು ಕಿತ್ತು ಸುಮ್ಮನೆ ಮನೆಗೆ ಹೋಗಲಿಲ್ಲ, ಬದಲಿಗೆ ಏನು ಬೇಕು ಎಂದು ನೆಟ್ಟು ತೋರಿಸಿದರು. ನೆಟ್ಟದ್ದು ಗುಂಡುತೋಪಿನ ಮರಗಳನ್ನೇ. ನೀಲಗಿರಿ ಅಂತರ್ಜಲ ಹೀರುತ್ತದೆಯೋ ಇಲ್ಲವೋ ಎಂದು ಪಂಡಿತರು ಆಮೇಲೆ ವರ್ಷಗಟ್ಟಲೆ ವಾದ ಮಾಡಿದರು. ಕೊನೆಗೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ, ಅಕೇಶಿಯ ನೆಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು. ಹಳ್ಳಿಯವರು ಹೇಳಿದ್ದು ವಿಧಾನಸೌಧಕ್ಕೆ ತಲುಪಲು 34 ವರ್ಷ ಹಿಡಿಯಿತು.

ತಿಪಟೂರಿನಿಂದ ಹೊರಟ ಕೃಷಿ ಹೊಂಡ

ಕಿತ್ತು ಪ್ರತಿಭಟಿಸಿದ್ದು ಒಂದು ದಾರಿ. ಅಗೆದು ತೋರಿಸಿದ್ದು ಇನ್ನೊಂದು.

ಗಾಂಧೀಜಿ 1946ರಲ್ಲಿ ಪುಣೆ ಹತ್ತಿರದ ಉರುಳಿಕಾಂಚನ ಎಂಬ ಹಳ್ಳಿಗೆ ಹೋಗಿದ್ದರು. ಅಲ್ಲಿನ ಕೆಲಸಕ್ಕೆಂದು ನಿಂತ ಯುವಕ ಮಣಿಭಾಯಿ ದೇಸಾಯಿ. 1967ರಲ್ಲಿ ಅವರು ಕಟ್ಟಿದ ಸಂಸ್ಥೆ ಬೈಫ್. 1982ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈ ಸಂಸ್ಥೆ ಕರ್ನಾಟಕಕ್ಕೆ ಬಂದು ಎಂಬತ್ತರ ದಶಕದಲ್ಲಿ ಬೇರು ಬಿಟ್ಟದ್ದು ನಮ್ಮ ತಿಪಟೂರಿನಲ್ಲಿ. ನಮ್ಮ ಹಿರಿಯರಿಗೆ ಬೈಫ್ ಎಂದರೆ ಮೊದಲು ನೆನಪಾಗುವುದು ಹಸುವಿನ ಕೃತಕ ಗರ್ಭಧಾರಣೆ. ಆದರೆ ತಿಪಟೂರಿನ ಶಾರದಾನಗರದ ಕಚೇರಿ ಮತ್ತು ಲಕ್ಕಿಹಳ್ಳಿಯ ಕ್ಷೇತ್ರದಿಂದ ಹೊರಟ ಇನ್ನೊಂದು ಕೆಲಸ ಮಳೆನೀರಿನದು.

ಹೊಲದ ಇಳಿಜಾರು ನೋಡಿ ಅಡ್ಡಕ್ಕೆ ಟ್ರೆಂಚು, ಅದರ ಮಣ್ಣಿನಿಂದಲೇ ಬದು, ಬದುವಿನ ಮೇಲೆ ಗೊಬ್ಬರದ ಗಿಡ, ಹೊಂಗೆ, ಬೇವು, ಸಿಲ್ವರ್ ಓಕ್. ತಗ್ಗಿನಲ್ಲಿ ಒಂದು ಹೊಂಡ. ಪಕ್ಕದ ಅರಸೀಕೆರೆ ತಾಲ್ಲೂಕಿನ ಆದಿಹಳ್ಳಿ, ಮೈಲನಹಳ್ಳಿಗಳಲ್ಲಿ ಇದನ್ನು ಒಂದು ಜಮೀನಿಗೆ ಬಿಡದೆ ಇಡೀ ಜಲಾನಯನಕ್ಕೆ ಮಾಡಿದರು. ಮೇಲಿನವರ ಹೊಂಡ ತುಂಬಿದರೆ ನೀರು ಕಾಲುವೆ ಹಿಡಿದು ಕೆಳಗಿನವರ ಹೊಂಡಕ್ಕೆ. ನೋಡಿ, ಇದು ಹಳೇ ಕೆರೆ ಸಾಲಿನ ಲೆಕ್ಕವೇ. ಗಾತ್ರ ಮಾತ್ರ ಸಣ್ಣದು. ಒಬ್ಬರು ಹೊಂಡ ತೋಡಿದರೆ ಒಬ್ಬರ ಲಾಭ. ಸಾಲಾಗಿ ತೋಡಿದರೆ ಊರ ಬಾವಿ, ಬೋರುಗಳಿಗೂ ನೀರು ಇಳಿಯುತ್ತದೆ.

2014ರಲ್ಲಿ ರಾಜ್ಯ ಸರ್ಕಾರ ಕೃಷಿ ಭಾಗ್ಯ ಎಂದು ಹೊಂಡಗಳಿಗೆ ಸಹಾಯಧನ ಕೊಡುವ ಯೋಜನೆ ತಂದಿತು. ಉದ್ಯೋಗ ಖಾತ್ರಿಯಲ್ಲೂ ಹೊಂಡ, ಬದು, ಇಂಗುಗುಂಡಿ ಬಂದವು. ಹಳ್ಳಿಗಳಲ್ಲಿ ಮಾಡಿ ತೋರಿಸಿದ ಕೆಲಸ ಸರ್ಕಾರದ ಯೋಜನೆಯಾಯಿತು.

ಲೆಕ್ಕ ಇಲ್ಲದೆ ನಂಬಬೇಡಿ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಬಡ ವರ್ಷದಲ್ಲಿ 600 ಮಿಲಿಮೀಟರ್ ಎಂದುಕೊಂಡರೂ ಎಕರೆಗೆ 24 ಲಕ್ಷ ಲೀಟರ್. ಮೂವತ್ತು ಅಡಿಗೊಂದು ಗಿಡದಂತೆ ಎಕರೆಗೆ 48 ತೆಂಗು. ಹನಿ ನೀರಾವರಿಯಲ್ಲಿ ಗಿಡಕ್ಕೆ ದಿನಕ್ಕೆ 50 ಲೀಟರ್ ಹಿಡಿಯಿರಿ. ಮಳೆ ಇಲ್ಲದ 200 ದಿನಕ್ಕೆ ಬೇಕಾಗುವುದು 4 ಲಕ್ಷ 80 ಸಾವಿರ ಲೀಟರ್. ಅಂದರೆ ಆ ಎಕರೆಯ ಮೇಲೆ ಬಿದ್ದ ಮಳೆಯ ಐದನೇ ಒಂದು ಪಾಲು. ನಲವತ್ತು ಅಡಿ ಉದ್ದ, ನಲವತ್ತು ಅಡಿ ಅಗಲ, ಹತ್ತು ಅಡಿ ಆಳದ ಹೊಂಡ ನೆಟ್ಟಗೆ ಅಗೆದರೆ ಹಿಡಿಯುವುದು ನಾಲ್ಕೂವರೆ ಲಕ್ಷ ಲೀಟರ್. ಬದಿ ಇಳಿಜಾರು ಬಿಟ್ಟರೆ ಅದಕ್ಕಿಂತ ಕಡಿಮೆ, ಬಿಸಿಲಿಗೂ ಒಂದಷ್ಟು ಆರಿಹೋಗುತ್ತದೆ. ಆದರೂ ಮಳೆಗಾಲದಲ್ಲಿ ಅದು ಒಂದಕ್ಕಿಂತ ಹೆಚ್ಚು ಸಲ ತುಂಬುತ್ತದೆ, ಉಳಿದದ್ದನ್ನು ಮಣ್ಣೇ ಹಿಡಿದುಕೊಳ್ಳಬೇಕು. ನಮ್ಮ ಕೊರತೆ ಇರುವುದು ಹಿಡಿದಿಡುವುದರಲ್ಲಿ.

ನುಸಿ, ಕಪ್ಪುತಲೆ ಹುಳು, ಬಿಳಿನೊಣ

ತೊಂಬತ್ತರ ದಶಕದ ಕೊನೆಯಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ರೋಗ ಕೆಲವೇ ದಿನಕ್ಕೆ ನಮ್ಮ ತೋಟಕ್ಕೂ ಬಂತು. ಕಾಯಿ ಸಣ್ಣದಾಯಿತು, ಮೈಯೆಲ್ಲ ಕಜ್ಜಿ. ಆ ಸಂಕಟದಲ್ಲೇ ನೀರಾ ಇಳಿಸಲು ಅನುಮತಿ ಕೊಡಿ ಎಂಬ ಚಳವಳಿ ಎದ್ದಿತು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸ್ ಗೋಲಿಬಾರಿಗೆ ಇಬ್ಬರು ರೈತರು ಬಲಿಯಾದರು.

ಕಪ್ಪುತಲೆ ಹುಳು ಇನ್ನೊಂದು ಪಾಠ ಹೇಳಿತು. ಈ ಹುಳು ಗರಿಯ ಹಸಿರನ್ನೆಲ್ಲ ಕೆರೆದು ತಿಂದು ತೋಟ ಸುಟ್ಟಂತೆ ಮಾಡುತ್ತದೆ. ಅದಕ್ಕೆ ಮದ್ದು ಗೋನಿಯೋಜಸ್ ಎಂಬ ಸಣ್ಣ ಕಣಜದಂಥ ಪರೋಪಜೀವಿ. ಅದು ಹುಳುವಿನ ಮೇಲೆ ಮೊಟ್ಟೆ ಇಟ್ಟು ಮುಗಿಸುತ್ತದೆ. ಪ್ರಯೋಗಾಲಯದಲ್ಲಿ ಸಾಕಿ ತೋಟಕ್ಕೆ ಬಿಡುತ್ತಾರೆ. ಆದರೆ ಒಬ್ಬರ ತೋಟಕ್ಕೆ ಬಿಟ್ಟರೆ ಸಾಲದು. ಸುತ್ತಲ ಎಲ್ಲ ತೋಟಕ್ಕೂ ಒಟ್ಟಿಗೆ ಬಿಡಬೇಕು. ಯಾರೋ ಒಬ್ಬರು ಆ ವಾರವೇ ವಿಷ ಹೊಡೆದರೆ ಹುಳುವಿಗಿಂತ ಮೊದಲು ಸಾಯುವುದು ನಮ್ಮ ಸ್ನೇಹಿತ ಕಣಜ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಕಡೆ ಕಾಣಿಸಿಕೊಂಡು ಈಗ ನಮ್ಮಲ್ಲಿ ಗರಿ ಕಪ್ಪು ಮಾಡುತ್ತಿರುವ ಬಿಳಿನೊಣಕ್ಕೂ ಇದೇ ಮಾತು. ಕೆರೆ ನೀರಿನಂತೆ ರೋಗವೂ ಊರಿನದು, ಮದ್ದೂ ಊರಿನದು.

ಬರ ಕಲಿಸಿದ್ದು

2012ರಿಂದ ಮುಂದೆ ನಾಲ್ಕೈದು ವರ್ಷ ಮೇಲಿಂದ ಮೇಲೆ ಬರ. ತುಮಕೂರು, ಹಾಸನ, ಮಂಡ್ಯ ಜಿಲ್ಲೆಗಳಲ್ಲಿ ಅರವತ್ತು ಎಪ್ಪತ್ತು ವರ್ಷದ ತೆಂಗಿನ ಮರಗಳು ಸುಳಿ ಬಾಗಿ ನಿಂತವು. ಅಜ್ಜ ನೆಟ್ಟ ಮರವನ್ನು ಮೊಮ್ಮಗ ಕಡಿಸಿದ. 2023ರಲ್ಲಿ ಮತ್ತೆ ಬರ, ರಾಜ್ಯದ 223 ತಾಲ್ಲೂಕು ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಅದೇ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ಮೇಲಿನಿಂದ ಬಿಸಿಲು, ಕೆಳಗಿನಿಂದ ರೇಟು.

ಆ ಬರದಲ್ಲಿ ಎದ್ದು ಕಂಡದ್ದು ಒಂದು ವ್ಯತ್ಯಾಸ. ನೆಲ ಬೋಳಾಗಿ ಉತ್ತು, ಗರಿ ಮಟ್ಟೆಗೆ ಬೆಂಕಿ ಹಾಕಿ, ಬೋರಿನ ನೀರನ್ನು ಪಾತಿಗೆ ಹಾಯಿಸುತ್ತಿದ್ದ ತೋಟ ಬೋರು ನಿಂತ ಕೂಡಲೇ ಬಾಡುತ್ತದೆ. ಗರಿ, ಎಡಮಟ್ಟೆ, ಕಾಯಿ ಮಟ್ಟೆಯನ್ನು ಬುಡಕ್ಕೆ ಮುಚ್ಚಿ, ಹುರುಳಿ, ಸೆಣಬು ಚೆಲ್ಲಿ, ಬದು ಹಾಕಿದ ತೋಟ ಇನ್ನಷ್ಟು ದಿನ ತಡೆಯುತ್ತದೆ. ಮಟ್ಟೆಯ ನಾರು, ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಅದನ್ನು ಸುಟ್ಟರೆ ಹೊಗೆ, ಹೂತರೆ ನೀರು. ಹವಾಮಾನದ ದೊಡ್ಡ ಸಭೆಗಳಲ್ಲಿ ಹೇಳುವ ಇಂಗಾಲದ ಮಾತು ನಮ್ಮ ತೋಟದಲ್ಲಿ ಇಷ್ಟೇ.

ಯಾವುದು ಉಳಿಯಿತು, ಯಾವುದು ಅಳಿಯಿತು

2002ರಲ್ಲಿ ವಿಶ್ವಬ್ಯಾಂಕಿನ ಹಣದಲ್ಲಿ ಜಲಸಂವರ್ಧನೆ ಯೋಜನೆ ಬಂತು. ಊರೂರಿಗೆ ಕೆರೆ ಬಳಕೆದಾರರ ಸಂಘ. ಹೂಳು ಎತ್ತಿದರು, ಏರಿ ಕಟ್ಟಿದರು, ತೂಬು ರಿಪೇರಿ ಮಾಡಿದರು. ಯೋಜನೆ ಮುಗಿದ ಮೇಲೆ ಬಹಳ ಕಡೆ ಉಳಿದದ್ದು ಸಂಘದ ಬೋರ್ಡು. ಅಟಲ್ ಭೂಜಲ್ ಯೋಜನೆಯಲ್ಲಿ ಪಂಚಾಯತಿಗಳು ಊರಿನ ನೀರಿನ ಬಜೆಟ್ ಬರೆದವು, ಗೋಡೆಯ ಮೇಲೆ ಲೆಕ್ಕ ಬರೆಸಿದವು. ಒಳ್ಳೆಯ ಕೆಲಸವೇ. ಆದರೆ ಗೋಡೆ ಓದಿ ಬೋರು ಕೊರೆಸುವುದನ್ನು ನಿಲ್ಲಿಸಿದವರು ಎಷ್ಟು ಜನ?

ಈ ಕತೆಯನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ನಮಗೆ ಕಾಣುವುದು ಮೂರು ಸಂಗತಿ. ಬಾಳಿಕೆ ಬಂದ ಪ್ರಯತ್ನಗಳಲ್ಲಿ ಎಲ್ಲರೂ ಒಪ್ಪಿದ ಒಂದು ಕಟ್ಟಳೆ ಇತ್ತು. ವರ್ಷ ವರ್ಷ ಮಾಡುವ ಸಣ್ಣ ಕೆಲಸ ಇತ್ತು, ಹತ್ತು ವರ್ಷಕ್ಕೊಮ್ಮೆ ಜೆಸಿಬಿ ತರುವುದಲ್ಲ. ಜವಾಬ್ದಾರಿ ಇದ್ದ ಒಬ್ಬ ಮನುಷ್ಯನಿದ್ದ. ಹಳೆಯ ಕಾಲ ಈ ಮೂರನ್ನೂ ಇಟ್ಟುಕೊಂಡಿತ್ತು, ಆದರೆ ಅನ್ಯಾಯದ ಮೇಲೆ. ಹೊಸ ಕಾಲ ಅನ್ಯಾಯವನ್ನು ತೆಗೆಯಿತು, ಜೊತೆಗೆ ಆ ಮೂರನ್ನೂ ಕಳೆದುಕೊಂಡಿತು. ಅನ್ಯಾಯ ಇಲ್ಲದೆ ಆ ಮೂರನ್ನೂ ಮತ್ತೆ ತರುವುದು ನಮ್ಮ ತಲೆಮಾರಿನ ಪಾಲಿಗೆ ಬಂದ ಕೆಲಸ.

ಅದಕ್ಕೆ ದೊಡ್ಡ ಯೋಜನೆ ಕಾಯಬೇಕಿಲ್ಲ. ಮುಂದಿನ ಗ್ರಾಮಸಭೆಗೆ ಹೋದಾಗ ಮೂರು ಪ್ರಶ್ನೆ ಕೇಳಿ. ನಮ್ಮೂರ ಕೆರೆಗೆ ನೀರು ತರುವ ಹಳ್ಳ ಸರ್ವೆ ನಕಾಶೆಯಲ್ಲಿ ಎಷ್ಟು ಅಗಲ ಇದೆ, ನೆಲದ ಮೇಲೆ ಎಷ್ಟು ಅಗಲ ಉಳಿದಿದೆ? ಈ ವರ್ಷ ಅದನ್ನು ಬಿಡಿಸುವುದು ಯಾರು? ತೂಬು, ಏರಿ ನೋಡಿಕೊಳ್ಳಲು ಒಬ್ಬರನ್ನು, ಗಂಡಸಾಗಲಿ ಹೆಂಗಸಾಗಲಿ, ಯಾವ ಕೇರಿಯವರಾದರೂ ಸರಿ, ತಿಂಗಳ ಸಂಬಳ ಕೊಟ್ಟು ನೇಮಿಸಲು ಊರು ತಯಾರಿದೆಯೇ? ಕುಡಿಯುವ ನೀರು ಬಿಡುವ ವಾಟರ್‌ಮ್ಯಾನ್‌ಗೆ ಪಂಚಾಯತಿ ಸಂಬಳ ಕೊಡುತ್ತದೆ. ಆ ನೀರು ಬರುವ ಬೋರನ್ನು ತುಂಬಿಸುವ ಕೆರೆಗೆ ಮಾತ್ರ ಯಾರೂ ಇಲ್ಲ.

ತೆಂಗಿನ ಮರ ನೂರು ವರ್ಷದ ಲೆಕ್ಕದಲ್ಲಿ ಬದುಕುವ ಗಿಡ. ಇವತ್ತು ನೆಟ್ಟ ಸಸಿ ಫಲ ಕೊಟ್ಟು ಮುಗಿಸುವ ಹೊತ್ತಿಗೆ ನಾವು ಯಾರೂ ಇರುವುದಿಲ್ಲ. ಸಸಿ ನೆಡುವಾಗ ಗುಂಡಿ ಎಷ್ಟು ಆಳ ಇರಬೇಕು ಎಂದು ವಿಚಾರಿಸುತ್ತೇವಲ್ಲ, ಹಾಗೆಯೇ ಆ ಸಸಿ ದೊಡ್ಡದಾದಾಗ ಕೆರೆಯ ತೂಬು ಎತ್ತುವವರು ಯಾರು ಎಂದೂ ಒಮ್ಮೆ ವಿಚಾರಿಸಿಕೊಳ್ಳೋಣ.